ಕಟ್ಟದೆ ಹೋದ ಜುಗಾರಿ ಮಹಲು

ನಲುವತ್ತೇಳು ವರ್ಷ ಪೆಟ್ಟಿಗೆಯಲ್ಲೇ ಮಲಗಿದ್ದ ಒಂದು ಕಾಯಿದೆಯನ್ನು ಮಹಾರಾಷ್ಟ್ರ ಸರಕಾರ 2023ರಲ್ಲಿ ರದ್ದು ಮಾಡಿತು. 1976ರ ಜುಲೈಯಲ್ಲಿ ಹುಟ್ಟಿದ ಅದರ ಪೂರ್ಣ ಹೆಸರು ಮಹಾರಾಷ್ಟ್ರ ಕ್ಯಾಸಿನೋಗಳ (ನಿಯಂತ್ರಣ ಮತ್ತು ತೆರಿಗೆ) ಕಾಯಿದೆ. ವಿಧಾನಮಂಡಲ ಒಪ್ಪಿ, ಅಂಕಿತ ಬಿದ್ದು, ಗೆಜೆಟ್ಟಿನಲ್ಲಿ ಅಚ್ಚಾಗಿಯೂ ಅದು ಒಂದು ದಿನದ ಮಟ್ಟಿಗೂ ಜಾರಿಗೆ ಬರಲಿಲ್ಲ. ಸರಕಾರವು ಪ್ರಕಟಣೆ ಹೊರಡಿಸಿ ಗೊತ್ತುಪಡಿಸುವ ತಾರೀಕಿನಿಂದ ಕಾಯಿದೆ ಜಾರಿಯಾಗತಕ್ಕದ್ದು ಎಂಬ ಒಂದು ಷರತ್ತು ಅದರಲ್ಲಿತ್ತು. ಆ ತಾರೀಕನ್ನು ಯಾವ ಸರಕಾರವೂ ಗೊತ್ತುಪಡಿಸಲಿಲ್ಲ. ಕಾಂಗ್ರೆಸಿನವರು ಬಂದರು, ಜನತಾ ಪಕ್ಷದವರ ಜತೆ ಕೂಡಿದವರು ಬಂದರು, ಸೇನೆ ಮತ್ತು ಭಾಜಪದವರು ಬಂದರು. ಎಲ್ಲರೂ ಆ ಪೆಟ್ಟಿಗೆಯನ್ನು ತೆರೆಯದೆ, ಸುಡದೆ ಮುಂದಿನವರಿಗೆ ದಾಟಿಸಿದರು. ಅದರ ಬಲದಿಂದ ಏಳಬೇಕಾಗಿದ್ದ ಜುಗಾರಿ ಮಹಲುಗಳಲ್ಲಿ ಒಂದಕ್ಕೂ ಅಡಿಗಲ್ಲು ಬೀಳಲಿಲ್ಲ.

ಮಹಾರಾಷ್ಟ್ರದಲ್ಲಿ ಹುಟ್ಟಿ ಮಹಾರಾಷ್ಟ್ರದಲ್ಲೇ ಸತ್ತ ಕಾಯಿದೆಯ ಗೊಡವೆ ಕಾಸರಗೋಡಿನ ನಮಗೇಕೆ ಎಂದು ವಾಚಕರಲ್ಲಿ ಯಾರಾದರೂ ಕೇಳಿಯಾರು. ಸೊಲ್ಲಾಪುರ, ಅಕ್ಕಲಕೋಟೆ ಎಂಬ ಹೆಸರುಗಳು ಈ ಜಿಲ್ಲೆಯ ಕನ್ನಡಿಗರಿಗೆ ಹೊಸತಲ್ಲ. 1967ರಲ್ಲಿ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರು ಕೊಟ್ಟ ವರದಿಯಲ್ಲಿ ನಾವೂ ಅವರೂ ಒಟ್ಟಿಗೇ ಇದ್ದೇವೆ. ಚಂದ್ರಗಿರಿ ಹೊಳೆಯಿಂದ ಉತ್ತರದ ಕಾಸರಗೋಡನ್ನೂ, ಅತ್ತ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ಕನ್ನಡ ಪ್ರದೇಶಗಳನ್ನೂ ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಆ ವರದಿ ಹೇಳಿತ್ತು. ಆಗಲಿಲ್ಲ. ನಾವು ಇಲ್ಲಿ ಉಳಿದೆವು, ಅವರು ಅಲ್ಲಿ ಉಳಿದರು. ಒಂದೇ ವ್ಯಾಜ್ಯದಲ್ಲಿ ಸಿಕ್ಕಿಬಿದ್ದ ನೆಂಟರ ಮನೆಯಲ್ಲಿ ಏನು ನಡೆಯಿತು, ಏನು ನಡೆಯದೆ ಹೋಯಿತು ಎಂದು ವಿಚಾರಿಸುವುದರಲ್ಲಿ ತಪ್ಪಿಲ್ಲ. ಇಷ್ಟಕ್ಕೂ ಜುಗಾರಿಯ ವಿಷಯದಲ್ಲಿ ನಮ್ಮ ಮನೆಯ ಲೆಕ್ಕವೂ ಸ್ವಲ್ಪ ಇದೆ. ಅದನ್ನು ಮುಂದೆ ಹೇಳುತ್ತೇವೆ.

1976 ಎಂದರೆ ತುರ್ತು ಪರಿಸ್ಥಿತಿಯ ಕಾಲ. ಶಂಕರರಾವ್ ಚವ್ಹಾಣರು ಮುಖ್ಯಮಂತ್ರಿಗಳು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿತ್ತು. ಆಗ ಮಹಾರಾಷ್ಟ್ರದಲ್ಲಿ ಜುಗಾರಿಯನ್ನು ತಡೆಯಲು 1887ರಷ್ಟು ಹಳೆಯ ಒಂದು ಕಾಯಿದೆ ಜಾರಿಯಲ್ಲಿದ್ದೇ ಇತ್ತು. ಬೀದಿದೀಪದ ಕೆಳಗೆ ಇಸ್ಪೇಟು ಆಡಿದ ಕೂಲಿಯಾಳನ್ನು ಪೋಲೀಸರು ಆ ಕಾಯಿದೆಯ ಹೆಸರಿನಲ್ಲಿ ಹಿಡಿದೊಯ್ಯುತ್ತಿದ್ದರು. ಮುಂಬಯಿಯ ಗಿರಣಿ ಕೇರಿಗಳಲ್ಲಿ ಮಟ್ಕಾ ಎಂಬ ಪಿಡುಗು ಬೇರುಬಿಟ್ಟಿತ್ತು. ನ್ಯೂಯಾರ್ಕಿನಿಂದ ಬರುವ ಹತ್ತಿಯ ದರದ ಮೇಲೆ ಪಣ ಕಟ್ಟುವ ಆಟವಾಗಿ ಶುರುವಾಗಿ, ಕೊನೆಗೆ ಮಡಕೆಯಿಂದ ಅಂಕಿ ಎತ್ತುವ ಆಟವಾಗಿ ಬೆಳೆದ ಈ ಮಟ್ಕಾ ನಮ್ಮ ಕರಾವಳಿಯ ಪೇಟೆಗಳಿಗೂ ಬಂದು ಎಷ್ಟು ಮನೆಗಳ ಅಕ್ಕಿಪಾತ್ರೆ ಬರಿದು ಮಾಡಿತೆಂಬುದನ್ನು ಹಿರಿಯರು ಬಲ್ಲರು. ಒಂದು ಕೈಯಲ್ಲಿ ಮಟ್ಕಾದವನನ್ನು ಅಟ್ಟುತ್ತಾ ಇನ್ನೊಂದು ಕೈಯಲ್ಲಿ ಕ್ಯಾಸಿನೋಗೆ ಪರವಾನಿಗೆ ಬರೆಯಲು ಸರಕಾರ ಸಿದ್ಧವಾಯಿತು. ಹೊಸ ಕಾಯಿದೆಯ ಹೆಸರಿನಲ್ಲಿ ನಿಯಂತ್ರಣ ಎಂಬ ಮಾತು ಮುಂದೆ, ತೆರಿಗೆ ಎಂಬ ಮಾತು ಹಿಂದೆ ಇದೆ. ಹೆಸರು ಬರೆಯುವಾಗ ಹಾಗೆ ಬರೆಯುವುದು ಮರ್ಯಾದೆ.

ಈ ಕಾಯಿದೆ ಇಡೀ ರಾಜ್ಯಕ್ಕೆ ಅನ್ವಯಿಸುವಂಥದ್ದು. ಅಕ್ಕಲಕೋಟೆಯ ಜೋಳದ ಹೊಲದಲ್ಲೇ ಮಹಲು ಏಳಲಿತ್ತೆಂದು ನಾವು ಹೇಳುವುದಿಲ್ಲ. ಏಳುವುದಿದ್ದರೆ ಮೊದಲು ಮುಂಬಯಿಯ ಸಮುದ್ರದ ಬದಿಯಲ್ಲೇ ಎದ್ದೀತು. ಆದರೆ ಕ್ಯಾಸಿನೋ ಬೇಕೆನ್ನುವವರ ವಾದ ಯಾವಾಗಲೂ ಬರಗಾಲದ ಊರನ್ನು ತೋರಿಸಿಯೇ ಮುಂದೆ ಬರುತ್ತದೆ. ಪ್ರವಾಸಿಗಳು ಬರುವರು, ಉದ್ಯೋಗ ಬರುವುದು, ತೆರಿಗೆ ಬರುವುದು, ಆ ದುಡ್ಡಿನಿಂದ ಹಿಂದುಳಿದ ಜಿಲ್ಲೆಗಳಿಗೆ ನೀರು, ರಸ್ತೆ ಮಾಡಬಹುದು ಎಂಬುದು ಆ ವಾದ. ಹಿಂದುಳಿದ ಜಿಲ್ಲೆ ಎಂದೊಡನೆ ಮಹಾರಾಷ್ಟ್ರದಲ್ಲಿ ನೆನಪಿಗೆ ಬರುವ ಹೆಸರುಗಳಲ್ಲಿ ಸೊಲ್ಲಾಪುರವೂ ಒಂದು. ಆದ್ದರಿಂದ ಆ ವಾದವನ್ನು ಸೊಲ್ಲಾಪುರದಲ್ಲೇ ನಿಂತು ಪರೀಕ್ಷಿಸಬೇಕು.

ಹಾಗೆ ಪರೀಕ್ಷಿಸಲು ಒಂದು ಒಳ್ಳೆಯ ಅವಕಾಶವನ್ನು ಆ ವರ್ಷಗಳ ಇತಿಹಾಸವೇ ಒದಗಿಸಿದೆ. ಕ್ಯಾಸಿನೋ ಕಾಯಿದೆಯನ್ನು ಒಪ್ಪಿದ ಅದೇ ವಿಧಾನಮಂಡಲ, ಅದರ ಹಿಂದುಮುಂದಿನ ಎರಡು ಮೂರು ವರ್ಷಗಳಲ್ಲೇ ಇನ್ನೊಂದು ದಾರಿಯನ್ನೂ ಹಿಡಿದಿತ್ತು.

1972ರ ಬರ ಎಂದರೆ ಸೊಲ್ಲಾಪುರದ ಮುದುಕರು ಇಂದಿಗೂ ಬೆಚ್ಚುತ್ತಾರೆ. ಒಂದರ ಹಿಂದೊಂದು ವರ್ಷ ಮಳೆ ಕೈಕೊಟ್ಟು, 1972–73ರಲ್ಲಿ ಮಹಾರಾಷ್ಟ್ರದ ಬಯಲುಸೀಮೆ ಪೂರಾ ಒಣಗಿತು. ಬಿತ್ತಿದ ಜೋಳ ಮೊಳೆಯಲಿಲ್ಲ, ದನಗಳಿಗೆ ಮೇವಿಲ್ಲ. ಲಕ್ಷಗಟ್ಟಲೆ ಹೆಣ್ಣುಗಂಡು ಬರಪರಿಹಾರದ ಕಾಮಗಾರಿಗೆ ಇಳಿದರು. ರಸ್ತೆಯ ಬದಿಯಲ್ಲಿ ಕುಳಿತು ಜಲ್ಲಿ ಒಡೆದರು, ಕೆರೆಯ ಹೂಳೆತ್ತಿದರು, ಒಡ್ಡು ಹಾಕಿದರು. ಹೊಲವುಳ್ಳ ರೈತನೂ, ಅವನ ಹೊಲದಲ್ಲಿ ಕೂಲಿ ಮಾಡುವವನೂ ಒಂದೇ ಸಾಲಿನಲ್ಲಿ ಸುತ್ತಿಗೆ ಹಿಡಿದರು. ಅಮೆರಿಕದಿಂದ ತರಿಸಿದ ಮಿಲೋ ಎಂಬ ಕೆಂಪು ಜೋಳವನ್ನು, ಸುಕಡಿ ಎಂಬ ಪುಡಿಯನ್ನು ತಿಂದು ವರ್ಷ ಕಳೆದರು. ಬರದಿಂದ ಬೆಳೆ ಸತ್ತರೂ ಬಂಗಾಳದ ಹಿಂದಿನ ಕ್ಷಾಮದಂತೆ ಜನ ರಾಶಿರಾಶಿಯಾಗಿ ಸಾಯಲಿಲ್ಲವೆಂದರೆ ಅದಕ್ಕೆ ಈ ಕಾಮಗಾರಿಗಳೇ ಮುಖ್ಯ ಕಾರಣ.

ಆ ಅನುಭವದಿಂದ ಉದ್ಯೋಗ ಖಾತರಿ ಯೋಜನೆ ಬಲ ಪಡೆಯಿತು. ಅದರ ಕರ್ತೃ ವಿ. ಎಸ್. ಪಾಗೆ ಅವರು, ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದ ಗಾಂಧೀವಾದಿ. ಬರಕ್ಕೆ ಮುಂಚೆಯೇ, ಅರುವತ್ತರ ದಶಕದಲ್ಲಿ, ಸಾಂಗಲಿ ಜಿಲ್ಲೆಯ ತಾಸಗಾಂವ್ ತಾಲೂಕಿನ ವಿಸಾಪುರ ಎಂಬ ಹಳ್ಳಿಯ ಕಡೆ ಅವರು ಇದನ್ನು ಪ್ರಯೋಗ ಮಾಡಿ ನೋಡಿದ್ದರು. ನಮ್ಮ ಜತ್ತ ಇರುವುದೂ ಅದೇ ಸಾಂಗಲಿ ಜಿಲ್ಲೆಯಲ್ಲಿ. ಹಳ್ಳಿಯಲ್ಲಿ ಮೈಮುರಿದು ದುಡಿಯಲು ಸಿದ್ಧನಿರುವ ಯಾರು ಕೆಲಸ ಕೇಳಿದರೂ ಸರಕಾರ ಕೆಲಸ ಕೊಡಲೇಬೇಕು. ಹದಿನೈದು ದಿನದೊಳಗೆ ಕೊಡಲಾರದಿದ್ದರೆ ಭತ್ಯೆ ಕೊಡಬೇಕು ಎಂಬುದು ಅದರ ತಿರುಳು. 1977ರಲ್ಲಿ ವಿಧಾನಮಂಡಲ ಇದನ್ನು ಕಾಯಿದೆಯಾಗಿ ಒಪ್ಪಿತು, 1979ರ ಜನವರಿ 26ರಿಂದ ಜಾರಿಗೆ ತಂದಿತು. ಈ ಕಾಯಿದೆಗೆ ತಾರೀಕು ಸಿಕ್ಕಿತೆಂಬುದನ್ನು ಗಮನಿಸಬೇಕು. 2005ರಲ್ಲಿ ಕೇಂದ್ರ ಸರಕಾರ ತಂದ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಗೆ ಇದೇ ಮಾದರಿಯಾಯಿತು.

ಇದಕ್ಕೆ ದುಡ್ಡು ಎಲ್ಲಿಂದ ಬಂತು? 1975ರಲ್ಲಿ ಮಹಾರಾಷ್ಟ್ರ ಸರಕಾರ ವೃತ್ತಿ ತೆರಿಗೆಯ ಕಾಯಿದೆ ಮಾಡಿತು. ಪಟ್ಟಣದಲ್ಲಿ ಸಂಬಳ ಪಡೆಯುವ ಗುಮಾಸ್ತ, ಮೇಷ್ಟ್ರು, ವಕೀಲ, ವೈದ್ಯ, ವ್ಯಾಪಾರಿ ತಿಂಗಳಿಗಿಷ್ಟೆಂದು ಕೊಡಬೇಕು; ಆ ಹಣ ಹಳ್ಳಿಯ ಕೂಲಿಗೆ ಹೋಗಬೇಕು. ಅಷ್ಟೇ ಮೊತ್ತವನ್ನು ಸರಕಾರವೂ ಸೇರಿಸಬೇಕು. ಮುಂಬಯಿಯ ಆಫೀಸಿನಲ್ಲಿ ಕುಳಿತ ಗುಮಾಸ್ತನಿಗೆ ತನ್ನ ಸಂಬಳದಿಂದ ಕಡಿದ ಕೆಲವು ರೂಪಾಯಿ ಅಕ್ಕಲಕೋಟೆಯ ಹಳ್ಳಿಯಲ್ಲಿ ಬಾವಿಯೋ ಒಡ್ಡೋ ಆಯಿತೆಂಬುದು ಬಹುಶಃ ತಿಳಿದಿರಲಿಕ್ಕಿಲ್ಲ. ತಿಳಿಯದಿದ್ದರೂ ಅವನು ಕೊಟ್ಟ. ಯೋಜನೆಯಲ್ಲಿ ಕಳ್ಳ ಹಾಜರಿ ಪಟ್ಟಿ, ಗುತ್ತಿಗೆದಾರರ ಕೈಚಳಕ, ವರ್ಷ ವರ್ಷವೂ ಅರ್ಧಕ್ಕೆ ನಿಂತ ರಸ್ತೆ ಇವೆಲ್ಲ ಇದ್ದವು. ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೂ ಕೆಲಸ ಕೇಳುವುದು ಭಿಕ್ಷೆಯಲ್ಲ, ಹಕ್ಕು ಎಂಬ ಮಾತನ್ನು ಕಾನೂನಿನ ಪುಸ್ತಕದಲ್ಲಿ ಬರೆದದ್ದು ದೊಡ್ಡ ಸಂಗತಿ.

ಒಂದೇ ಸದನ, ಹೆಚ್ಚು ಕಡಿಮೆ ಒಂದೇ ಕಾಲ. ಬೊಕ್ಕಸ ತುಂಬಲು ಎರಡು ದಾರಿ ಅದರ ಮುಂದಿತ್ತು. ದುಡಿಯುವವನ ಗಳಿಕೆಯಿಂದ ಬಹಿರಂಗವಾಗಿ ಒಂದು ಪಾಲು ಕೇಳುವುದು ಒಂದು ದಾರಿ. ಆಡುವವನು ಸೋಲಲೆಂದು ಕಾದು, ಸೋತ ಹಣದಲ್ಲಿ ಪಾಲು ಎತ್ತುವುದು ಇನ್ನೊಂದು ದಾರಿ. ಮೊದಲನೆಯದರಿಂದ ಸೊಲ್ಲಾಪುರಕ್ಕೆ ಏನು ಬಂತೆಂದು ಅಲ್ಲಿನ ರಸ್ತೆಗಳನ್ನೂ ಪಾಝರ್ ಕೆರೆಗಳನ್ನೂ ನೋಡಿದವರು ಹೇಳಬಲ್ಲರು. ಎರಡನೆಯದು ಬಾರದೆ ಹೋದದ್ದರಿಂದ ಸೊಲ್ಲಾಪುರ ಏನನ್ನು ಕಳೆದುಕೊಂಡಿತು ಎಂಬ ಪ್ರಶ್ನೆಗೆ ಕ್ಯಾಸಿನೋ ಪರ ವಾದಿಸುವವರು ಉತ್ತರ ಕೊಡಬೇಕು.

ಈ ಊರು ಬೆಳೆದ ಬಗೆಯನ್ನು ನೋಡಿದರೂ ಜುಗಾರಿಯ ದುಡ್ಡಿಗೂ ಅದಕ್ಕೂ ಹೊಂದಿಕೆಯಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಅಲ್ಲಿ ಕೆರೆ ಕಟ್ಟಿಸಿದರು. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಕೋಲು ಹೊತ್ತು ಸಾಗುವ ಜನ ಇಂದಿಗೂ ಆ ಕೆರೆಯನ್ನು ಸುತ್ತುವರಿಯುತ್ತಾರೆ. ಎಂಟು ನೂರು ವರ್ಷಗಳ ತರುವಾಯ ಉದ್ಯೋಗ ಖಾತರಿಯವರು ತೋಡಿದ್ದೂ ಕೆರೆಯನ್ನೇ. 1877ರಲ್ಲಿ ಅಲ್ಲಿ ಹತ್ತಿಯ ಗಿರಣಿ ಬಂತು. ಜನರ ಬಾಯಲ್ಲಿ ಅದು ಜುನೀ ಗಿರಣಿ. ಆಮೇಲೆ ಇನ್ನಷ್ಟು ಗಿರಣಿಗಳು, ತೆಲುಗು ನಾಡಿನಿಂದ ಬಂದ ಪದ್ಮಶಾಲಿ ನೇಕಾರರು, ಅವರ ಮಗ್ಗದಿಂದ ಇಳಿಯುವ ಸೊಲ್ಲಾಪುರ ಚಾದರ. ನಮ್ಮಲ್ಲಿಯೂ ಆ ಚಾದರ ಹೊದೆಯದ ಮನೆ ಕಡಿಮೆ. 1930ರಲ್ಲಿ ಬ್ರಿಟಿಷರ ಎದುರು ಎದ್ದು ನಿಂತು ಲಷ್ಕರಿ ಕಾಯಿದೆಯ ಕಾವು ಅನುಭವಿಸಿದ ಊರು ಅದು. 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿದ ಅಲ್ಲಿನ ನಾಲ್ವರಲ್ಲಿ ಮಲ್ಲಪ್ಪ ಧನಶೆಟ್ಟಿಯವರೂ ಕುರ್ಬಾನ್ ಹುಸೇನರೂ ಇದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಮನೆಯ ಹೆಂಗಸರು ಬೀಡಿ ಕಟ್ಟಿ ಸಂಸಾರ ನಡೆಸಿದರು. ಬೀಡಿಯ ಕಷ್ಟ ಏನೆಂದು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ದಿನವಿಡೀ ಎಲೆ ಸುತ್ತಿ ಬರುವ ಕೂಲಿ ಸಂಜೆಗೆ ಒಂದು ಪಣಕ್ಕೂ ಸಾಲದು. ಅಂಥ ಊರಿನ ಪಕ್ಕದಲ್ಲಿ ಜುಗಾರಿ ಮಹಲು ಎದ್ದಿದ್ದರೆ ಒಳಗೆ ಆಡುವವರು ಎಲ್ಲಿಂದಲೋ ಬಂದ ಶ್ರೀಮಂತರೇ ಇರುತ್ತಿದ್ದರೆಂದು ಒಪ್ಪೋಣ. ಹೊರಗೆ ಅದರ ನೆರಳಿನಲ್ಲಿ ಹುಟ್ಟಿಕೊಳ್ಳುವ ಸಣ್ಣ ಅಡ್ಡೆಗಳಲ್ಲಿ ಆಡುವವರು ಯಾರು?

ಅಕ್ಕಲಕೋಟೆಯ ಮಾತು ಇನ್ನೂ ಬೇರೆ. ಸೊಲ್ಲಾಪುರದಿಂದ ಸುಮಾರು ನಲುವತ್ತು ಕಿಲೋಮೀಟರು. ಭೋಸಲೆ ಮನೆತನದ ಹಳೆಯ ಸಂಸ್ಥಾನ; 1878ರಲ್ಲಿ ಅಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ದರ್ಶನಕ್ಕೆ ಗುರುವಾರ ಗುರುವಾರ ಜನ ಕಿಕ್ಕಿರಿಯುತ್ತಾರೆ. ಪ್ರವಾಸೋದ್ಯಮ ಪ್ರವಾಸೋದ್ಯಮ ಎನ್ನುವವರು ಅಲ್ಲಿಗೆ ಹೋಗಿ ನೋಡಬೇಕು. ಛತ್ರದಲ್ಲಿ ಉಚಿತವಾಗಿ ಉಂಡು, ಧರ್ಮಶಾಲೆಯಲ್ಲಿ ಮಲಗಿ, ಹೂಕಾಯಿ ಕೊಂಡು, ಬಸ್ಸು ಹತ್ತಿ ಹೋಗುವ ಯಾತ್ರಿಕನಿಂದ ಚಹಾದಂಗಡಿಯವನಿಗೆ, ರಿಕ್ಷಾದವನಿಗೆ, ಹೂವಿನವಳಿಗೆ ನಾಲ್ಕು ಕಾಸು ಸಿಗುತ್ತದೆ. ಇದೂ ಪ್ರವಾಸೋದ್ಯಮವೇ. ಇದಕ್ಕೆ ಬೇಕಾದದ್ದು ಒಳ್ಳೆಯ ರಸ್ತೆ, ಶೌಚಾಲಯ, ಕುಡಿಯುವ ನೀರು.

ಇನ್ನು ಗೋವೆಯ ಉದಾಹರಣೆ. ಎಲ್ಲರೂ ಕೊಡುವ ಉದಾಹರಣೆ ಅದೇ ಆದ್ದರಿಂದ ಅದನ್ನು ಬಿಟ್ಟು ಹೋಗಲಾಗದು. ವಿಚಿತ್ರವೇನೆಂದರೆ 1976ರಲ್ಲೇ ಗೋವೆಯೂ ಒಂದು ಜೂಜಿನ ಕಾಯಿದೆ ಮಾಡಿತ್ತು, ಜೂಜನ್ನು ತಡೆಯಲಿಕ್ಕಾಗಿ! ಕ್ಯಾಸಿನೋಗೆ ಬಾಗಿಲು ತೆರೆದ ಮಹಾರಾಷ್ಟ್ರದಲ್ಲಿ ಒಂದೂ ಏಳಲಿಲ್ಲ. ಬಾಗಿಲು ಹಾಕಿದ ಗೋವೆ 1992ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ, 1996ರಲ್ಲಿ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಜೂಜಿಗೆ ಅನುಮತಿ ಕೊಟ್ಟಿತು. ಪಣಜಿಯ ಮಾಂಡವಿ ನದಿಯಲ್ಲಿ ದೀಪಾಲಂಕಾರದ ಹಡಗುಗಳು ಬಂದು ನಿಂತವು. ಮುಂದೆ ಏನಾಯಿತು? 2020ರ ಫೆಬ್ರವರಿಯಿಂದ ಗೋವೆಯ ನಿವಾಸಿಗಳು ಕ್ಯಾಸಿನೋಗಳಲ್ಲಿ ಆಡಕೂಡದೆಂದು ಗೋವೆಯ ಸರಕಾರವೇ ನಿಷೇಧಿಸಿತು. ಸಿಕ್ಕಿಂ ಅದಕ್ಕೂ ಮುಂಚೆ, 2016ರಲ್ಲಿ, ತನ್ನ ಜನರಿಗೆ ಇದೇ ಕಟ್ಟು ವಿಧಿಸಿತ್ತು. ತನ್ನ ಮಕ್ಕಳು ಉಣ್ಣಬಾರದೆಂದು ತಿಳಿದ ಅನ್ನವನ್ನು ನೆರೆಮನೆಯ ಮಕ್ಕಳಿಗೆ ಬಡಿಸಿ ಬೆಲೆ ವಸೂಲು ಮಾಡುವುದು ಯಾವ ನೀತಿ? ಕ್ಯಾಸಿನೋ ನಡೆಸಿ ನೋಡಿದ ಸರಕಾರಗಳೇ ಕೊಟ್ಟ ಈ ಸಾಕ್ಷಿಗಿಂತ ದೊಡ್ಡ ಸಾಕ್ಷಿಯನ್ನು ವಿರೋಧಿಗಳೂ ತರಲಾರರು.

ನೆರೆಮನೆಯ ಮಕ್ಕಳೆಂದರೆ ಯಾರು? 2025ರ ಜೂನ್ 9ರಂದು ಸೊಲ್ಲಾಪುರದಿಂದ ವಿಮಾನ ಸಂಚಾರ ಮತ್ತೆ ಆರಂಭವಾಯಿತು. ಈ ವಿಮಾನಕ್ಕೆ ದಾರಿ ಮಾಡಲೆಂದು ಅಲ್ಲಿನ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿಯನ್ನು 2023ರ ಜೂನಿನಲ್ಲಿ ಕೆಡವಿದ್ದರು. ಕಬ್ಬು ಬೆಳೆಗಾರರು ಎಷ್ಟು ಗೋಗರೆದರೂ ಫಲವಾಗಲಿಲ್ಲ. ಹಾಗೆ ತೆರವಾದ ಆಕಾಶದಲ್ಲಿ ಹಾರಿದ ಮೊದಲ ವಿಮಾನ ಹೋದದ್ದು ಗೋವೆಗೆ. ವಿಮಾನ ಹತ್ತಿದವರೆಲ್ಲ ಜುಗಾರಿಗೇ ಹೊರಟರೆಂದು ನಮ್ಮ ಅಭಿಪ್ರಾಯವಲ್ಲ. ದೇವರ ದರ್ಶನಕ್ಕೂ ಸಮುದ್ರ ಸ್ನಾನಕ್ಕೂ ಹೋಗುವವರಿದ್ದಾರೆ. ಆದರೆ ಅಲ್ಲಿ ಗೋವೆಯವನಿಗೆ ಮುಚ್ಚಿದ ಬಾಗಿಲು ಸೊಲ್ಲಾಪುರದವನಿಗೆ ತೆರೆದೇ ಇರುತ್ತದೆ.

ಕರ್ನಾಟಕವಾದರೂ ಈ ಆಸೆಯಿಂದ ದೂರ ಉಳಿದಿದೆಯೇ ಎಂದರೆ ಪೂರ್ತಿ ಇಲ್ಲ. 2020ರ ಫೆಬ್ರವರಿಯಲ್ಲಿ ಆಗಿನ ಪ್ರವಾಸೋದ್ಯಮ ಸಚಿವ ಸಿ. ಟಿ. ರವಿಯವರು ರಾಜ್ಯಕ್ಕೂ ಕ್ಯಾಸಿನೋ ಬಂದರಾಗದೇ ಎಂಬ ಧಾಟಿಯಲ್ಲಿ ಮಾತಾಡಿ, ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಸಮಜಾಯಿಷಿ ಕೊಟ್ಟರು. ಮಾತು ಅಲ್ಲಿಗೆ ನಿಂತಿತು.

ಮಹಾರಾಷ್ಟ್ರದಲ್ಲಿ ಮಾತ್ರ ಹಳೆಯ ಕಾಯಿದೆ ಪುಸ್ತಕದಲ್ಲಿದ್ದುದರಿಂದ ಆಸೆ ಆಗಾಗ ತಲೆಯೆತ್ತುತ್ತಿತ್ತು. ಇದ್ದ ಕಾಯಿದೆಯನ್ನು ಜಾರಿ ಮಾಡಿರೆಂದು ಕೇಳುವವರು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. 2023ರ ಆಗಸ್ಟಿನಲ್ಲಿ ಏಕನಾಥ ಶಿಂದೆಯವರ ಸಂಪುಟ ರದ್ದತಿಯನ್ನು ತೀರ್ಮಾನಿಸಿ ಆ ಬಾಗಿಲಿಗೆ ಗೋಡೆ ಕಟ್ಟಿತು. ರಾಜಕೀಯವಾಗಿ ಆ ಸರಕಾರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಒಂದು ಕೆಲಸಕ್ಕಾಗಿ ಶಹಭಾಸ್ ಎನ್ನಲು ನಮಗೆ ಸಂಕೋಚವಿಲ್ಲ. ಅದೇ ಮಹಾರಾಷ್ಟ್ರ 1969ರಲ್ಲಿ ಸರಕಾರಿ ಲಾಟರಿ ಶುರುಮಾಡಿತ್ತೆಂಬುದನ್ನೂ ಜತೆಗೇ ನೆನೆಯಬೇಕು.

ಲಾಟರಿ ಎಂದೊಡನೆ ಮಾತು ನಮ್ಮ ಅಂಗಳಕ್ಕೇ ಬಂತು. ಸರಕಾರವೇ ಲಾಟರಿ ನಡೆಸುವ ಪದ್ಧತಿಗೆ ದೇಶದಲ್ಲಿ ಮೇಲ್ಪಂಕ್ತಿ ಹಾಕಿದ್ದು ನಾವಿರುವ ಕೇರಳ ರಾಜ್ಯ, 1967ರಲ್ಲಿ. ಮೊದಲ ಟಿಕೇಟಿನ ಬೆಲೆ ಒಂದು ರೂಪಾಯಿ, ಬಹುಮಾನ 50,000 ರೂಪಾಯಿ. 1968ರ ಗಣರಾಜ್ಯ ದಿನದಂದು ಡ್ರಾ. ಇಂದು ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನಲ್ಲಿ, ಕುಂಬಳೆಯಲ್ಲಿ, ಉಪ್ಪಳದಲ್ಲಿ ಟಿಕೇಟಿನ ಮೇಜಿಲ್ಲದ ಮೂಲೆ ಯಾವುದು? ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿದ ಮೇಲೆ ತಲಪಾಡಿ ದಾಟಿ ಬಂದು ಟಿಕೇಟು ಕೊಳ್ಳುವವರಿಗೇನೂ ಕಡಿಮೆಯಿಲ್ಲ. ಗೋವೆ ಹೊರಗಿನವರಿಗೆ ಮಾರುತ್ತದೆ ಎಂದು ದೂರಿದೆವಲ್ಲ, ಗಡಿಯ ಈಚೆ ಕುಳಿತ ನಮ್ಮ ಅಂಗಡಿಗಳೂ ಆ ಕೆಲಸ ಮಾಡುತ್ತಿವೆ.

ಲಾಟರಿಯ ಪರವಾಗಿ ಹೇಳಬೇಕಾದ್ದನ್ನು ಹೇಳದಿರುವುದು ನ್ಯಾಯವಲ್ಲ. ಅಂಗವಿಕಲರು, ವಯಸ್ಸಾದವರು, ಬೇರೆ ಕೆಲಸ ಸಿಗದವರು ಅನೇಕರು ಟಿಕೇಟು ಮಾರಿ ಹೊಟ್ಟೆ ಹೊರೆಯುತ್ತಾರೆ. ಕೆ. ಎಂ. ಮಾಣಿಯವರು ಹಣಕಾಸು ಸಚಿವರಾಗಿದ್ದಾಗ ಆರಂಭವಾದ ಕಾರುಣ್ಯ ನಿಧಿಯಿಂದ ಬಡ ರೋಗಿಗಳ ಚಿಕಿತ್ಸೆಗೆ ನೆರವು ಸಿಕ್ಕಿದೆ. ಇಷ್ಟನ್ನು ಒಪ್ಪಿಯೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ. ಬಡವನ ಆಸ್ಪತ್ರೆ ಖರ್ಚಿಗೆ ಇನ್ನೊಬ್ಬ ಬಡವನ ಆಸೆಯ ಮೇಲೆ ಕರ ಹಾಕುವುದೇಕೆ? ಟಿಕೇಟು ಕೊಳ್ಳುವವರಲ್ಲಿ ಕಾರಿನಿಂದ ಇಳಿದು ಬರುವವರು ಎಷ್ಟು, ಕೂಲಿಯ ದುಡ್ಡು ಕಿಸೆಯಲ್ಲಿಟ್ಟು ಬಸ್ಸಿಗೆ ಕಾಯುವವರು ಎಷ್ಟು ಎಂದು ಒಂದು ಸಂಜೆ ನಿಂತು ಎಣಿಸಿದರೆ ಸಾಕು. ಮರುದಿನ ಪತ್ರಿಕೆ ಬಂದೊಡನೆ ಮೊದಲ ಪುಟ ಬಿಟ್ಟು ಡ್ರಾದ ಫಲಿತಾಂಶ ಹುಡುಕುವವರು ನಮ್ಮ ವಾಚಕರಲ್ಲೂ ಇದ್ದಾರೆ. ಕೇಂದ್ರದ ತೆರಿಗೆಯವರಿಗೆ ಈ ವಿಷಯದಲ್ಲಿ ಗೊಂದಲವಿಲ್ಲ: 2025ರ ಸೆಪ್ಟೆಂಬರಿನಲ್ಲಿ ಜಿ. ಎಸ್. ಟಿ. ದರಗಳನ್ನು ಬದಲಿಸಿದಾಗ ಲಾಟರಿಯನ್ನೂ ಕ್ಯಾಸಿನೋವನ್ನೂ ಕುದುರೆ ಜೂಜನ್ನೂ ಶೇಕಡಾ 40ರ ಒಂದೇ ಸಾಲಿನಲ್ಲಿ ಕೂರಿಸಿದರು. ಹಳ್ಳಿಯ ಕೋಳಿ ಅಂಕಕ್ಕೆ ಜೀಪು ಕಳುಹಿಸುವ ಸರಕಾರ ತನ್ನ ಅಂಕಕ್ಕೆ ತಾನೇ ಟಿಕೇಟು ಅಚ್ಚು ಹಾಕಿಸುತ್ತದೆ.

ಮಹಲು ಕಟ್ಟಲು ಈಗ ಇಟ್ಟಿಗೆಯೂ ಬೇಕಿಲ್ಲ ಎಂಬುದು ಇನ್ನೊಂದು ವಿಚಾರ. ಕೈಯಲ್ಲಿರುವ ಫೋನಿನೊಳಗೇ ಅದು ಬಂದು ಕುಳಿತಿತ್ತು. ಸೊಲ್ಲಾಪುರದ ಮಗ್ಗದ ಹುಡುಗನೂ ಕಾಸರಗೋಡಿನ ಕಾಲೇಜು ಹುಡುಗನೂ ಒಂದೇ ಆಟದಲ್ಲಿ ಹಣ ಕಳೆದರು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಮಾಡಿದ್ದು ಸರಿ. ತಾಳಮದ್ದಳೆಯಲ್ಲಿ ಧರ್ಮರಾಯನ ಪಾತ್ರಧಾರಿ ದ್ಯೂತಕ್ಕೆ ಕುಳಿತದ್ದನ್ನು ಸಮರ್ಥಿಸಲು ಕ್ಷತ್ರಿಯ ಧರ್ಮ, ಹಿರಿಯರ ಆಜ್ಞೆ ಎಂದು ಗಂಟೆಗಟ್ಟಲೆ ವಾದಿಸುವುದನ್ನು ನಾವು ಕೇಳಿದ್ದೇವೆ. ಈ ಆಟಗಳ ಕಂಪೆನಿಯವರು ಇದು ಜೂಜಲ್ಲ, ಕೌಶಲ್ಯ ಎಂದು ವಾದಿಸಿದ್ದು ಅದಕ್ಕಿಂತಲೂ ಸೊಗಸಾಗಿತ್ತು.

ಇಷ್ಟು ಹೇಳಿ ಮತ್ತೆ ಅಕ್ಕಲಕೋಟೆಗೆ ಬರಬೇಕು. ಅಲ್ಲಿನ ಜನ ಕೇಳುತ್ತಿರುವುದೇನು? 2022ರ ನವಂಬರಿನಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಪ್ರದೇಶಗಳು ಕರ್ನಾಟಕಕ್ಕೆ ಸೇರಬೇಕೆಂದು ಹೇಳಿಕೆ ಕೊಟ್ಟಾಗ ಎರಡೂ ಕಡೆ ಬಸ್ಸುಗಳಿಗೆ ಮಸಿ ಬಿತ್ತು, ಕಲ್ಲು ಬಿತ್ತು. ಆ ಗದ್ದಲದ ನಡುವೆ ಅಕ್ಕಲಕೋಟೆ ತಾಲೂಕಿನ ಕೆಲವು ಗ್ರಾಮ ಪಂಚಾಯತಿಗಳು ತಮ್ಮನ್ನು ಕರ್ನಾಟಕಕ್ಕೆ ಸೇರಿಸಿರೆಂದು ಠರಾವು ಮಾಡಿದವು. ಅವರು ಹೇಳಿದ ಕಾರಣಗಳು ದೊಡ್ಡ ಮಾತುಗಳಾಗಿರಲಿಲ್ಲ. ರಸ್ತೆ ಸರಿಯಿಲ್ಲ, ನೀರಿಲ್ಲ, ಗಡಿಯಾಚೆಯ ಹಳ್ಳಿಗೆ ಸಿಗುವ ಸೌಕರ್ಯ ತಮಗಿಲ್ಲ ಎಂಬುದೇ ಅವರ ಗೋಳು. ರಿಸಾರ್ಟು ಕೊಡಿ ಎಂದು ಒಂದು ಪಂಚಾಯತಿಯೂ ಕೇಳಲಿಲ್ಲ.

ಮಹಾಜನ ವರದಿಯನ್ನು ಈವರೆಗೆ ಯಾರೂ ಒಪ್ಪಿ ಜಾರಿಗೆ ತರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಹೂಡಿದ ಗಡಿ ದಾವೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ಯಾವಾಗ ಹೇಗೆ ಮುಗಿಯುವುದೋ ಮುಗಿಯಲಿ. ಅಲ್ಲಿಯವರೆಗೆ ಆ ಹಳ್ಳಿಗಳಿಗೆ ನೀರು ಹರಿಸಲು, ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರನ್ನು ಕಳುಹಿಸಲು ಯಾವ ಕೋರ್ಟಿನ ತಡೆಯೂ ಇಲ್ಲ. ಈ ಎರಡನೆಯ ಬೇಡಿಕೆಯನ್ನು ತಿರುವನಂತಪುರದ ಮುಂದೆ ಇಟ್ಟು ಇಟ್ಟು ಸೋತಿರುವ ನಮಗೆ ಅದರ ಬೆಲೆ ಗೊತ್ತಿದೆ. 1977ರಲ್ಲಿ ಹಳ್ಳಿಯವನು ಕೇಳಿದರೆ ಕೆಲಸ ಕೊಡಲೇಬೇಕೆಂದು ಬರೆದ ಸರಕಾರದಿಂದ 2022ರ ಡಿಸೆಂಬರಿನಲ್ಲಿ ಆ ಪಂಚಾಯತಿಗಳಿಗೆ ಬಂದದ್ದು ಇಂಥ ಠರಾವು ಮಾಡಿದ್ದೇಕೆಂದು ಕಾರಣ ಕೇಳುವ ನೋಟೀಸು. ಹಲವು ಪಂಚಾಯತಿಗಳು ಠರಾವನ್ನು ಹಿಂದಕ್ಕೆ ತೆಗೆದುಕೊಂಡವು.